ಒಂದರ ಮಗ್ಗಲಕ ಹದಿನಾರು

ಪತ್ತೇದಾರ ಫಕೀರಪ್ಪ ಜಾಲಿಹಾಳನ ಎಲ್ಲಾ ಪುಸ್ತಕ
ನಾ ಓದೀನಿ. ಸಾಲಾಗಿ ಅಲ್ಲ,
ಫಾರಂ ಬಂದಂಗ.
ಗದಗಿನ್ಯಾಗ ಬೈಂಡಿಂಗ್ ಮಾಡೋರು ಹಿಂಗ ಓದತೀವಿ:
ಒಂದರ ಮಗ್ಗಲಕ ಹದಿನಾರು,
ನಾಕರ ಮಗ್ಗಲಕ ಹದಿಮೂರು,
ಐದು, ಹನ್ನೆರಡು ತಲಿಕೆಳಗ.
ನಾಕನೇ ಪುಟದಾಗ ಚಾ ಕುಡಿಯಾಕ್ಹತ್ತಿದಾಂವ
ಹದಿಮೂರರಾಗ ಸತ್ತು, ದೆವ್ವಾಗಿ,
ತನ್ನ ಮಗ್ಗಲಕ ತಾನ ಕುಂತಿರತಾನ.
ಎಲುಬಿನ ಕಡ್ಡಿಲೆ ತಿಕ್ಕಿ ಮಡಚಿದರ
ಇಬ್ಬರ ನಡುವ ಎಂಟು ಪುಟ ಬರತಾವ.
ಅಷ್ಟ ಆಯುಷ್ಯ.

ಫಕೀರಪ್ಪನ ಆಫೀಸು ಹುಬ್ಬಳ್ಳಿ ದುರ್ಗದಬೈಲಿನ್ಯಾಗ,
ಗಿರಮಿಟ್ ಅಂಗಡಿ ಮ್ಯಾಲೆ. ಹದಿನೇಳು ಪಾವಟಿಗಿ,
ರಾತ್ರಿ ಅದರಾಗ ಒಂದು ಇರೂದಿಲ್ಲ.
ಕೊಪ್ಪೀಕರ ರಸ್ತೆದಾಗ ಮಂದೀ ನೆಳ್ಳು ಕದ್ದು
ಮೀಟರಿನ ಲೆಕ್ಕದಾಗ ಮಾರತಿದ್ದ
ಅರಿವಿ ವ್ಯಾಪಾರಿನ್ನ ಹಿಡದಾಂವ ಅಂವ.
ಉಣಕಲ್ ಕೆರ್ಯಾಗ ಇರಾಕಿ ಮೂಗುತಿ ಕಳಕೊಂಡಾಗ
ಮೀನಿಗೆ ಸಮನ್ಸ್ ಕೊಟ್ಟಿದ್ದ.
ರೈಲ್ವೆ ವರ್ಕ್‌ಶಾಪಿನ್ಯಾಗ, ಎಂದೋ ಮುರದ ಹಾಕಿದ ಉಗಿಬಂಡಿ
ಮೂರೂವರಿಗೆ ಸಿಳ್ಳಿ ಹೊಡದು ಅಳತಿದ್ದಾಗ
ಅದರ ಹೇಳಿಕಿ ಬರಕೊಂಡಾಂವ.

ಒಂದು ರೂಢಿ ಇತ್ತು ಅವಗ.
ದೆವ್ವದ ಕೂಡ ಮಾತಾಡೂ ಮುಂದ ಚಪ್ಪಲಿ ಬಿಡತಿದ್ದ,
ಮಳ್ಳ ಇರಲಿ, ಡಾಂಬರ ಇರಲಿ.
"ಸತ್ತವರ ಹೊಸ್ತಿಲ ಎಲ್ಲಿಂದ ಸುರು ಅಂತ
ನನಗೇನ ಗೊತ್ತ?" ಅಂತಿದ್ದ.
ಮೂವತ್ತೊಂದು ಪುಸ್ತಕ ಬಿಟ್ಟ.

ಮೂವತ್ತೆರಡರಾಗ ಬಿಡಲಿಲ್ಲ.

ನಾ ಸೂಜಿ ನಿಂದರಿಸಿದೆ.
ಮೂವತ್ಮೂರರಾಗೂ ಹಂಗ, ಹಾಕ್ಕೊಂಡ ಕಾಲಲೆ
ಸ್ಮಶಾನದಾಗ ತಿರಗ್ಯಾಡಿದ.
ಆದರ ಚುರಮರಿ ಮೆತ್ತಗಾಗಬಾರದಂದ್ರ
ಲಿಂಬಿ ಕಡೀಕ ಹಿಂಡಬೇಕು ಅನ್ನೂದು
ಈಗ ಅವಗ ಗೊತ್ತಾಗಿತ್ತು.
ಸತ್ತ ಹೆಣಮಗಳು ಅಳಾಕತ್ತರ
ಪ್ರಶ್ನೆ ಬಿಟ್ಟು ಸುಮ್ಮನ ಕೂಡತಿದ್ದ, ಇಡೀ ಅರ್ಧ ಪುಟ.

ಅಬ್ಬಿಗೇರಿ ಮಾಸ್ತರು ಹಾನಗಲ್ಲಿನಿಂದ ಪ್ರೆಸ್ಸಿಗೆ ಬರೂದು ನಿಂತಿತ್ತು.
"ಆರಾಮಿಲ್ಲ" ಅಂತಿದ್ರು ಸಾವಕಾರು,
ನಾಕ ವರ್ಷದಿಂದ ಅದ ಮಾತು.
ಕಂಪೋಜ್ ಮುಗದ ಮ್ಯಾಲೆ ಹಸ್ತಪ್ರತಿ ರದ್ದಿ;
ಪುಸ್ತಕದ ಬೆನ್ನಿಗೆ ಅಂಟಸಾಕ ನನ್ನ ಕಡೆ ಬರತೈತಿ.
ಹಾಳಿ ಹಾಳಿಗೂ ಕೆಳಗಿನ ಮೂಲ್ಯಾಗ,
ತಿರುವೂ ಜಾಗಾದಾಗ,
ಅರಿಷಿಣದ ಬಟ್ಟು.

ಅಂಟಿನ ಡಬ್ಬಿ ಮುಚ್ಚಿಟ್ಟು ಕುಂತೆ.
ಒಮ್ಮೆ ಮಾಸ್ತರರ ಸಂಗಾಟ ಬಂದಾಗ
ಕಸ್ತೂರಕ್ಕ ನನ್ನ ಸೂಜಿ ಇಸಕೊಂಡು, ಮಾತಾಡಕೋತ,
ದಾರ ಪೋಣಿಸಿ ಕೊಟ್ಟಿದ್ಲು.
ರಟ್ಟಿನ ಮ್ಯಾಲೆ ಸತ್ತಾಂವ, ಒಳಗ ಬದುಕಿದಾಕಿ:
ಇಂಥಾ ಕೇಸು ಫಕೀರಪ್ಪಗೂ ಬಂದಿರಲಿಲ್ಲ.

ಯಾರಿಗೂ ಹೇಳಲಿಲ್ಲ.
ಹೇಳಿದರ ಆಕಿಗೆ ರೊಕ್ಕ ಇಲ್ಲ, ನನಗ ಫಾರಂ ಇಲ್ಲ.
ಆದರ ಆ ಚಪ್ಪಲಿ ಕಾಡತಿತ್ತು.
ಪ್ರೂಫ್ ಒಯ್ಯೂ ಮೈಲಾರಿ ಕೈಯಾಗ ಒಂದಿನ ಚೀಟಿ ಕೊಟ್ಟೆ:
ಫಕೀರಪ್ಪ ಚಪ್ಪಲಿ ಬಿಡತಿದ್ದ.
ಹೆಸರು ಹಾಕಲಿಲ್ಲ. ಹಾಳಿಗೆ ಅಂಟಿನ ವಾಸನಿ ಇತ್ತು,
ತಿಳದಿರಬೇಕು.

ಮೂವತ್ತೆಂಟರ ಆರನೇ ಫಾರಂ ಇವತ್ತ ಬಂತು,
ಮಸಿ ಇನ್ನೂ ಹಸಿ.
ಚಿಗರಿ ಬಸ್ಸು ನವನಗರ ದಾಟಿ
ಪಟ್ಟಿಯೊಳಗಿಲ್ಲದ ನಿಲ್ದಾಣದಾಗ ನಿಂತೈತಿ.
ಒಬ್ಬ ಮಾಸ್ತರು, ಬಗಲಾಗ ಚೀಲ,
ಹತ್ತಲೋ ಬ್ಯಾಡೋ ಅಂತ ನಿಂತಾನ.
ಫಕೀರಪ್ಪ ಇಳದ. ಚಪ್ಪಲಿ ಬಿಟ್ಟ.
ಬಿಟ್ಟು, ಹಿಂದಿನ ಮೂವತ್ತೊಂದರಾಗೂ ಇದು ಇರಲಿಲ್ಲ,
ಬಗ್ಗಿ, ಎರಡೂ ಸಮ ಮಾಡಿ
ಗ್ವಾಡಿ ಬದಿಗೆ ಸರಿಸಿ ಇಟ್ಟ,
ಮನಿಗೆ ಬಂದವರದು ಹೆಣಮಕ್ಕಳು ಇಡತಾರಲ್ಲ, ಹಂಗ.

ಅಂವ ಏನಂದ ಅನ್ನೂದು
ತಲಿಕೆಳಗಿನ ಪುಟದಾಗೈತಿ.
ಕುತ್ತಿಗಿ ಹೊಳ್ಳಿಸಿದರ ಈಗ ಓದಬಹುದು.
ಒಲ್ಲೆ.
ಈ ಒಂದು ಸಲ
ಮೊದಲ ಮಡಚತೀನಿ.